ಕಳುಹಿಸಿದ ಹುಡುಗರು

ಎರಡು ತಿಂಗಳ ಹಿಂದೆ ನಮ್ಮ ಸಂಘದ ಆಶ್ರಯದಲ್ಲಿ ಹದಿಹರೆಯದ ಮಕ್ಕಳ ಆರೋಗ್ಯವನ್ನು ಕುರಿತು ವೈದ್ಯರೊಬ್ಬರ ಉಪನ್ಯಾಸ ಏರ್ಪಾಡಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷದವರೆಗಿನ ಅವಧಿಯೇ ಹದಿಹರೆಯ. ಈ ವಯಸ್ಸಿನವರಿಗೆ ರಾತ್ರಿ ಎಂಟು ಗಂಟೆಯಾದರೂ ನಿದ್ದೆ ಬೇಕು, ದಿನಕ್ಕೆ ಒಂದು ಗಂಟೆಯಾದರೂ ಮೈ ದಣಿಯುವ ಆಟ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ, ಹುಡುಗರಲ್ಲಿ ಶೇಕಡಾ 31 ಮಂದಿಗೆ ರಕ್ತಹೀನತೆ ಇದೆ. ಮನಸ್ಸಿನ ಕಾಯಿಲೆಗಳಲ್ಲಿ ಮೂರನೆಯ ಒಂದು ಪಾಲು 14 ತುಂಬುವ ಮೊದಲೇ ತಲೆದೋರುತ್ತದೆ. ಹೀಗೆ ಒಂದೊಂದನ್ನೂ ಅವರು ತಿಳಿಯಾದ ಕನ್ನಡದಲ್ಲಿ ಹೇಳಿದರು. ನಂತರ ಪ್ರಶ್ನೆಗಳಿಗೆ ಅವಕಾಶವಾಯಿತು. ರಕ್ತದ ಬಗ್ಗೆಯಾಗಲಿ, ನಿದ್ದೆಯ ಬಗ್ಗೆಯಾಗಲಿ ಒಬ್ಬರೂ ಕೇಳಲಿಲ್ಲ. ಕೇಳಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟ್ರೇ, ಮಕ್ಕಳು ಮಾತು ಕೇಳೋದಿಲ್ಲ, ಏನು ಮಾಡೋಣ?"

ವೈದ್ಯರು ತಾಳ್ಮೆಯ ಮನುಷ್ಯರು. "ಅವರು ನಿಮ್ಮ ಮಾತು ಕೇಳುವುದಿಲ್ಲ, ಸರಿ. ನೀವು ಅವರ ಮಾತನ್ನು ಕಡೆಯದಾಗಿ ಕೇಳಿದ್ದು ಯಾವಾಗ?" ಎಂದರು. ಸಭೆ ನಕ್ಕಿತು. ನಾವೂ ನಕ್ಕೆವು. ಉಪ್ಪಿಟ್ಟು, ಕಾಫಿ ಆದವು. ಆದರೆ ಮನೆಗೆ ಮರಳುವ ಲೋಕಲ್ ಗಾಡಿಯಲ್ಲಿ ಆ ಪ್ರಶ್ನೆಯೂ ನಮ್ಮೊಡನೆ ಹತ್ತಿ ಕುಳಿತಿತು.

ನಾವು ವೈದ್ಯರಲ್ಲ. ಚಿತ್ರಗಳನ್ನು ನೋಡಿ ನಾಲ್ಕು ಮಾತು ಬರೆಯುವ ಚಟ ನಮ್ಮದು. ಈ ಪತ್ರಿಕೆಯ ಓದುಗರು ಅದನ್ನು ಬಹುಕಾಲದಿಂದ ಸಹಿಸಿಕೊಂಡು ಬಂದಿದ್ದಾರೆ. ಹಾಗಾಗಿ ನಮಗೆ ತಿಳಿದ ದಾರಿಯಿಂದಲೇ ಆ ಪ್ರಶ್ನೆಯ ಬಳಿಗೆ ಹೋಗಬೇಕೆನಿಸಿತು. ಹದಿಹರೆಯದ ಮಗುವೆಂದರೆ 'ಮಾತು ಕೇಳುವ' ಅಥವಾ 'ಮಾತು ಕೇಳದ' ಒಂದು ಪ್ರಾಣಿ ಎಂಬ ತಿಳಿವಳಿಕೆ ನಮಗೆ ಎಲ್ಲಿಂದ ಬಂದಿತು? ಊರಿನಲ್ಲಿದ್ದಿದ್ದರೆ ಅಜ್ಜಿ, ದೊಡ್ಡಪ್ಪ, ನೆರೆಮನೆಯವರು, ಶಾಲೆಯ ಮಾಸ್ತರರು ಎಲ್ಲರೂ ಸೇರಿ ನಮಗೆ ಮಕ್ಕಳನ್ನು ಬೆಳೆಸುವುದನ್ನು ಕಲಿಸುತ್ತಿದ್ದರೋ ಏನೋ. ಹೊರನಾಡಿನ ಒಂದೂವರೆ ಕೋಣೆಯ ಮನೆಯಲ್ಲಿ ಅವರು ಯಾರೂ ಇರಲಿಲ್ಲ. ಇದ್ದದ್ದು ಕನ್ನಡ ಚಿತ್ರಗಳು. ಮಾಟುಂಗದ ಅರೋರಾದಲ್ಲಿ ದಕ್ಷಿಣದ ಚಿತ್ರಗಳು ನಡೆಯುತ್ತಿದ್ದ ಕಾಲದಲ್ಲಿ ಮಕ್ಕಳನ್ನು ಕೈಹಿಡಿದು ಕರೆದೊಯ್ದವರು ನಾವು. ಕನ್ನಡ ಕಲಿಯಲಿ ಎಂದು ಕರೆದೊಯ್ದೆವು. ಪಾಠ ಕಲಿತು ಬಂದವರು ಮಾತ್ರ ನಾವೇ.

ಅದರಲ್ಲಿ ಮೊದಲ ಪಾಠ 1972ರ 'ನಾಗರಹಾವು'. ತ.ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲರು ಮಾಡಿದ ಈ ಚಿತ್ರವನ್ನು ನೋಡದ ಕನ್ನಡಿಗರು ನಮ್ಮ ತಲೆಮಾರಿನಲ್ಲಿ ಇರಲಾರರು. ಚಿತ್ರದುರ್ಗದ ಬಂಡೆಗಳ ಮೇಲೆ ಬಿಸಿಲಲ್ಲಿ ಅಲೆಯುವ ರಾಮಾಚಾರಿ, ಅವನನ್ನು ಸ್ವಂತ ಮಗನಂತೆ ಕಾಣುವ ಮಕ್ಕಳಿಲ್ಲದ ಚಾಮಯ್ಯ ಮೇಷ್ಟ್ರು. ವಿಷ್ಣುವರ್ಧನ್ ಮತ್ತು ಕೆ.ಎಸ್. ಅಶ್ವಥ್ ಆ ಎರಡು ಪಾತ್ರಗಳನ್ನು ನಮ್ಮ ಮನೆಯ ಸದಸ್ಯರನ್ನಾಗಿ ಮಾಡಿಬಿಟ್ಟರು. ತುಂಟ ಹುಡುಗನಿಗೆ 'ರಾಮಾಚಾರಿ' ಎಂಬ ಅಡ್ಡಹೆಸರು, ತಿದ್ದಲು ಬಂದ ಹಿರಿಯನಿಗೆ 'ಚಾಮಯ್ಯ ಮೇಷ್ಟ್ರು' ಎಂಬ ಗೌರವ. ಇವು ನಮ್ಮ ಮಾತಿನಲ್ಲಿ ಬೆರೆತುಹೋದವು. ಹುಡುಗನ ಹೆಡೆಯನ್ನು ಇಳಿಸಲು ಒಬ್ಬ ಗುರು ಸಾಕು. ಗುರು ಹೇಳಿದ್ದನ್ನು ಹುಡುಗ ಮೀರದಿದ್ದರೆ ಸಾಕು. ಇದೇ ಚಿತ್ರದ ಸಂದೇಶವೆಂದು ನಾವು ನಂಬಿದೆವು.

ಈಚೆಗೆ ಇನ್ನೊಮ್ಮೆ ನೋಡಿದಾಗ ಆಶ್ಚರ್ಯವಾಯಿತು. ಪುಟ್ಟಣ್ಣನವರು ಹೇಳಿದ್ದು ಅದಲ್ಲ. ಬಹುಮಟ್ಟಿಗೆ ಅದಕ್ಕೆ ವಿರುದ್ಧವಾದದ್ದು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಹುಡುಗ ತನಗೆ ಅವಮಾನ ಮಾಡಿದ ಪ್ರಾಂಶುಪಾಲರನ್ನು ರಾತ್ರಿ ಕಂಬಕ್ಕೆ ಕಟ್ಟಿಹಾಕುತ್ತಾನೆ. ತಪ್ಪೇ. ಆದರೆ ನಾಲ್ಕು ಜನರ ಮುಂದೆ ಆದ ಅವಮಾನ ಆ ವಯಸ್ಸಿನವನ ಒಳಗೆ ಏನು ಮಾಡುತ್ತದೆ ಎಂಬುದನ್ನು ನಮ್ಮ ಚಿತ್ರಗಳಲ್ಲಿ ಅಷ್ಟು ಹತ್ತಿರದಿಂದ ತೋರಿಸಿದ್ದು ಅಪರೂಪ. ಮುಂದೆ ಅಲಮೇಲುವಿನ ಪ್ರಸಂಗ. ಪ್ರೀತಿಸಿದ ಹುಡುಗಿಯನ್ನು ಬಿಟ್ಟುಕೊಡು ಎಂದು ಮೇಷ್ಟ್ರು ಹೇಳುತ್ತಾರೆ, ಹುಡುಗ ಬಿಟ್ಟುಕೊಡುತ್ತಾನೆ, ಮದುವೆಯಾಗಿ ಹೋದ ಅಲಮೇಲು ಗಂಡನ ಕೈಯಲ್ಲಿ ಹಾಳಾಗುತ್ತಾಳೆ. ಅಂದರೆ ಹುಡುಗ ಮಾತು ಕೇಳಿದ. ಕೇಳಿದ್ದರಿಂದಲೇ ಎರಡು ಬಾಳು ಕೆಟ್ಟವು. ಮಾರ್ಗರೆಟ್ಟಳ ವಿಷಯದಲ್ಲಿ ಮೇಷ್ಟ್ರು ಮತ್ತೆ ಅದೇ ಅಧಿಕಾರದಿಂದ ಅಡ್ಡ ಬಂದಾಗ ಬೆಟ್ಟದ ಮೇಲಿನ ದುರಂತ ನಡೆಯುತ್ತದೆ. ಚಾಮಯ್ಯನವರ ವಾತ್ಸಲ್ಯದಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಆದರೆ ಮೂರು ಗಂಟೆಯ ಈ ಚಿತ್ರದಲ್ಲಿ ಅವರು ರಾಮಾಚಾರಿಗೆ ಹೇಳುವುದೆಷ್ಟು, ಅವನನ್ನು ಕೇಳುವುದೆಷ್ಟು ಎಂದು ಎಣಿಸುತ್ತಾ ನೋಡಿ. ಗುರುವಿನ ಪ್ರೀತಿಗೆ ನಾವು ಕಣ್ಣೀರಿಟ್ಟು ಬಂದೆವು. ಆ ಪ್ರೀತಿಗೆ ಕಿವಿ ಇರಲಿಲ್ಲವೆಂಬುದನ್ನು ನಿರ್ದೇಶಕರು ಅಷ್ಟು ಚೆನ್ನಾಗಿ ತೋರಿಸಿದ್ದರೂ ಗಮನಿಸಲಿಲ್ಲ.

ಇಷ್ಟು ಹೊಗಳಿದ ಮೇಲೆ ದೂರಬೇಕಾದ್ದನ್ನೂ ಹೇಳಬೇಕು. ಕೊನೆಯಲ್ಲಿ ಇಬ್ಬರು ಎಳೆಯರ ಸಾವನ್ನು ಬೆಟ್ಟ, ಆಕಾಶ, ಸಂಗೀತಗಳ ನಡುವೆ ಒಂದು ಭವ್ಯ ಮುಕ್ತಾಯವನ್ನಾಗಿ ಮಾಡಿರುವುದು ನಮಗೆ ಇಂದು ಸಹನೆಯಾಗದು. ಸತ್ತರೆ ಎಲ್ಲರಿಗೂ ಬುದ್ಧಿ ಬರುತ್ತದೆ ಎಂಬ ಭಾವನೆ ಹದಿನಾರರ ಮನಸ್ಸಿನಲ್ಲಿ ತಾನಾಗಿಯೇ ಸುಳಿಯುತ್ತಿರುತ್ತದೆ. ಅದಕ್ಕೆ ಪರದೆಯ ಮೇಲೆ ಅಲಂಕಾರ ಬೇಕಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ ತಾವಾಗಿ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳು 13,044. ಅವರ ಸಾವಿನಲ್ಲಿ ಬೆಟ್ಟವೂ ಇರಲಿಲ್ಲ, ಸಂಗೀತವೂ ಇರಲಿಲ್ಲ. (ಸಂದರ್ಭ ಬಂದಿದ್ದರಿಂದ ಹೇಳುತ್ತೇವೆ: 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ಕನ್ನಡದಲ್ಲಿಯೂ ಮಾತನಾಡುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ಅಡುಗೆಮನೆಯ ಗೋಡೆಯ ಮೇಲೆ ಹಾಲಿನವನ ನಂಬರಿನ ಪಕ್ಕದಲ್ಲಿ ಬರೆದಿಟ್ಟುಕೊಂಡರೆ ತಪ್ಪಿಲ್ಲ.)

ಚಿತ್ರದ ಮಾತನ್ನು ಸ್ವಲ್ಪ ನಿಲ್ಲಿಸಿ, ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಡೊಂಬಿವಲಿಯ ಪರಿಚಿತರೊಬ್ಬರು ಒಂದು ಭಾನುವಾರ ಮನೆಗೆ ಬಂದರು. ಒಂಬತ್ತನೆಯ ಇಯತ್ತೆಯ ಮಗನ ಮಾರ್ಕು ಇಳಿದಿದೆ, ಸ್ನೇಹಿತರು ಸರಿಯಿಲ್ಲ, ತಂದೆಗೆ ಎದುರು ಮಾತಾಡುತ್ತಾನೆ. "ಮಾಸ್ಟ್ರೇ, ನೀವೇ ಒಂದು ದಾರಿ ಹೇಳಿ" ಎಂದರು. ನಾವು ಕೆಲವು ವರ್ಷ ಮುಂಬಯಿಯ ಕನ್ನಡ ರಾತ್ರಿ ಶಾಲೆಯೊಂದರಲ್ಲಿ ಪಾಠ ಹೇಳಿದವರಾದ್ದರಿಂದ ಇಂಥ ಪಂಚಾಯಿತಿಗಳು ನಮ್ಮ ಬಳಿಗೆ ಬರುವುದಿತ್ತು. ಹೊರನಾಡಿನ ಕನ್ನಡಿಗರ ಹತ್ತಿರ ಇಂಥ ರೋಗಕ್ಕೆ ಒಂದೇ ಔಷಧಿ ಇರುವುದು: ಊರಿಗೆ ಕಳುಹಿಸುವುದು. ನಾವೂ ಅದನ್ನೇ ಬರೆದುಕೊಟ್ಟೆವು. "ಅಜ್ಜಿ ಇದ್ದಾರಲ್ಲ, ಕಾರ್ಕಳಕ್ಕೆ ಕಳುಹಿಸಿ. ಗಾಳಿ, ನೀರು, ಸಂಸ್ಕಾರ ಎಲ್ಲ ಸಿಗುತ್ತದೆ" ಎಂದೆವು. ಚಾಮಯ್ಯ ಮೇಷ್ಟ್ರ ಹೆಸರನ್ನೂ ಎತ್ತಿದೆವೆಂದು ನೆನಪು. ಜೂನಿನಲ್ಲಿ ಮತ್ಸ್ಯಗಂಧ ಗಾಡಿಯಲ್ಲಿ ಹುಡುಗ ಹೋದ. ಹೋಗುತ್ತೀಯಾ ಎಂದು ಅವನನ್ನು ಯಾರೂ ಕೇಳಲಿಲ್ಲ. ನಾವಂತೂ ಕೇಳಲಿಲ್ಲ.

ಹುಡುಗ ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದ. ತಂದೆ ಪೇಡೆಯ ಪೆಟ್ಟಿಗೆ ತಂದುಕೊಟ್ಟರು. ನಾವು ಈ ಯಶಸ್ಸಿನ ಕಥೆಯನ್ನು ಮತ್ತೆ ನಾಲ್ಕು ಮನೆಗಳಿಗೆ ಹೇಳಿದೆವು. ಅದರಿಂದ ಇನ್ನೆರಡು ಹುಡುಗರು ಊರಿಗೆ ಹೋದರೆಂದೂ ಕೇಳಿದ್ದೇವೆ. ಬಹಳ ವರ್ಷಗಳ ನಂತರ, ಅವನು ಕೆಲಸಕ್ಕೆ ಸೇರಿದ ಮೇಲೆ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ. ಮಾತಿನ ನಡುವೆ ಹೇಳಿದ: "ಇಲ್ಲಿ ನನ್ನನ್ನು ಮದ್ರಾಸಿ ಅಂತಿದ್ರು ಅಂಕಲ್. ಅಲ್ಲಿ ಬೊಂಬಾಯಿ ಅಂತ ಕರೆದ್ರು. ಎರಡು ವರ್ಷ ನನ್ನ ಹೆಸರು ಯಾರೂ ಕರೀಲಿಲ್ಲ, ಅಜ್ಜಿ ಒಬ್ರು ಬಿಟ್ಟು." ಕನ್ನಡ ಮಾತಾಡಲು ಬರುತ್ತಿದ್ದರೂ ಬರೆಯಲು ಬಾರದೆ ತರಗತಿಯಲ್ಲಿ ನಗೆಪಾಟಲಾದದ್ದನ್ನೂ, ರಾತ್ರಿ ನಿದ್ದೆ ಬಾರದೆ ಚಾವಡಿಯಲ್ಲಿ ಕುಳಿತಿರುತ್ತಿದ್ದುದನ್ನೂ ನಗುತ್ತಲೇ ಹೇಳಿದ. ತಂದೆಯ ಜೊತೆ ಅವನು ಆಗಲೂ ಬೇಕಾದಷ್ಟೇ ಮಾತಾಡುತ್ತಿದ್ದ. ಊರು ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಕುಚ್ಚಲಕ್ಕಿ ಗಂಜಿ, ಮೀನು, ಅಜ್ಜಿಯ ಕೈ ಇವುಗಳಿಂದ ಹುಡುಗನ ಮೈಗೆ ಒಳ್ಳೆಯದೇ ಆಯಿತು. ಅವನ ಅಂಕಪಟ್ಟಿಯಲ್ಲಿ ಕಾಣದಿದ್ದುದನ್ನು ನೋಡುವ ಕಣ್ಣು ನಮಗೆ ಇರಲಿಲ್ಲ, ಅಷ್ಟೇ.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಹಿಂದಿನವರು ಹುಡುಗರನ್ನು ಊರಿನಿಂದ ಮುಂಬಯಿಗೆ ಕಳುಹಿಸುತ್ತಿದ್ದರು. ಹನ್ನೆರಡು, ಹದಿಮೂರರ ಪೋರರು ಕರಾವಳಿಯಿಂದ ಬಂದು ಹೋಟೆಲಿನ ಮಾಣಿಗಳಾಗಿ ಬೆಳಗಿನಿಂದ ಗ್ಲಾಸು ತೊಳೆದು, ಸಂಜೆ ರಾತ್ರಿ ಶಾಲೆಗೆ ಓಡಿ ಬಂದು, ಮರಳಿ ಹೋಗಿ ಮೇಜುಗಳನ್ನು ಜೋಡಿಸಿ ಅದರ ಮೇಲೆ ಮಲಗಿದರು. ನಮ್ಮ ಸಂಘ-ಸಂಸ್ಥೆಗಳ ಎಷ್ಟೋ ಹಿರಿಯರು ಹಾಗೆ ಬಂದವರೇ. ಅವರ ಛಲವನ್ನು ವೇದಿಕೆಯ ಮೇಲೆ ಹೊಗಳಿ ಶಾಲು ಹೊದಿಸುತ್ತೇವೆ. ಹೊಗಳಬೇಕಾದ್ದೇ. ಆದರೆ ರಾತ್ರಿ ಶಾಲೆಯಲ್ಲಿ ಪಾಠ ಹೇಳಿದವರಿಗೆ ಗೊತ್ತು, ಮೂರನೆಯ ಬೆಂಚಿನಲ್ಲಿ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋದ ಹುಡುಗನನ್ನು ಎಬ್ಬಿಸುವುದೋ ಬಿಡುವುದೋ ಎಂಬ ಸಂಕಟ. ಆ ನಿದ್ದೆಯ ಸಾಲವನ್ನು ಅವರ ಮೈ ಮುಂದೆ ಹೇಗೆ ತೀರಿಸಿತೋ, ಯಾರೂ ಲೆಕ್ಕವಿಟ್ಟಿಲ್ಲ. ಗೆದ್ದವರು ಬಂದು ಭಾಷಣ ಮಾಡುತ್ತಾರೆ, ಉಳಿದವರು ಬರುವುದಿಲ್ಲ.

ಕಳುಹಿಸಿದ ಹುಡುಗನ ಕಣ್ಣಿನಿಂದಲೇ ಲೋಕವನ್ನು ಕಂಡ ಚಿತ್ರ 'ಘಟಶ್ರಾದ್ಧ'. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ಗಿರೀಶ ಕಾಸರವಳ್ಳಿಯವರು ಮಾಡಿದ ಮೊದಲ ಚಿತ್ರ; ಸ್ವರ್ಣಕಮಲ ಪಡೆಯಿತು; 2024ರಲ್ಲಿ ಅದರ ಜೀರ್ಣೋದ್ಧಾರಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಇದನ್ನು ವಿಧವೆ ಯಮುನೆಯ ಕಥೆಯೆಂದು ಎಲ್ಲರೂ ಬರೆದಿದ್ದಾರೆ, ನಾವೂ ಹಿಂದೊಮ್ಮೆ ಹಾಗೆಯೇ ಬರೆದಿದ್ದೆವು. ಆದರೆ ಅದು ವೇದ ಕಲಿಯಲೆಂದು ಉಡುಪರ ಪಾಠಶಾಲೆಗೆ ಕಳುಹಿಸಲ್ಪಟ್ಟ ನಾಣಿಯ ಕಥೆಯೂ ಹೌದು. ಮನೆಯ ಹಂಬಲದಲ್ಲಿ ಬೇಯುವ ಚಿಕ್ಕ ಹುಡುಗ, ಅವನನ್ನು ಕಾಡುವ ದೊಡ್ಡ ಹುಡುಗರು. ಆ ದೊಡ್ಡ ಹುಡುಗರನ್ನು ಗಮನಿಸಿ ನೋಡಬೇಕು. ಹದಿಹರೆಯಕ್ಕೆ ಕಾಲಿಟ್ಟ ಮೈ, ಅದರ ಕುತೂಹಲ, ಅದನ್ನು ಹೇಳಿಕೊಳ್ಳಲು ಮಂತ್ರದ ಭಾಷೆಯಲ್ಲದೆ ಬೇರೆ ಮಾತಿಲ್ಲದ ಒಂದು ಪರಿಸರ. ಅವರ ಕ್ರೌರ್ಯ ಹುಟ್ಟುಗುಣವಲ್ಲ. ಹೊರದಾರಿ ಸಿಗದ ವಯಸ್ಸು ತನಗಿಂತ ಚಿಕ್ಕವನ ಮೇಲೆ ತೀರಿಸಿಕೊಳ್ಳುವ ಸೇಡು. ಇದನ್ನು ಕಾಸರವಳ್ಳಿಯವರು ಒಂದು ಮಾತಿನ ಉಪದೇಶವೂ ಇಲ್ಲದೆ ತೋರಿಸಿದ್ದಾರೆ. ನಾಣಿಗೆ ಇರುವ ಒಂದೇ ಆಸರೆ ಯಮುನೆ. ಅವಳನ್ನು ಊರು ಕಳಚಿ ಎಸೆಯುವಾಗ ಅವನು ಸಾಕ್ಷಿ. ಕೊನೆಗೆ ತಂದೆ ಬಂದು ಕರೆದುಕೊಂಡು ಹೋಗುವಾಗ, ತಲೆ ಬೋಳಿಸಿ ಮರದ ಬುಡದಲ್ಲಿ ಕುಳಿತ ಅವಳನ್ನು ಅವನು ನೋಡುತ್ತಾನೆ. ಆ ನೋಟವನ್ನು ಹೊತ್ತುಕೊಂಡು ಆ ಹುಡುಗ ಎಷ್ಟು ರಾತ್ರಿ ನಿದ್ದೆಗೆಟ್ಟಿರಬಹುದು ಎಂದು ನಾವು ಆಗ ಯೋಚಿಸಲಿಲ್ಲ. ಕ್ಯಾಮರಾ, ಸಂಕೇತ, ಸಂಪ್ರದಾಯ ಎಂದೆಲ್ಲ ಬರೆದೆವು.

1985ರ 'ಬೆಟ್ಟದ ಹೂವು' ಇದಕ್ಕಿಂತ ಸರಳವಾದ ಚಿತ್ರ. ಎನ್. ಲಕ್ಷ್ಮೀನಾರಾಯಣರ ನಿರ್ದೇಶನ, ಬಾಲಕ ಪುನೀತನ ಮರೆಯಲಾಗದ ಅಭಿನಯ. ಕಾಡಿನಲ್ಲಿ ಹೂವು ಹುಡುಕಿ ಮಾರಿ, ಕುವೆಂಪು ಅವರ ರಾಮಾಯಣ ದರ್ಶನಂ ಪುಸ್ತಕ ಕೊಳ್ಳಬೇಕೆಂದು ಕಾಸಿಗೆ ಕಾಸು ಕೂಡಿಸುವ ರಾಮು ಕಡೆಗೆ ಆ ಹಣದಲ್ಲಿ ಮನೆಯವರಿಗೆ ಕಂಬಳಿ ಕೊಂಡು ಬರುತ್ತಾನೆ. ಈ ಚಿತ್ರದಿಂದ ನಾವು ಕಲಿತ ಪಾಠವೆಂದರೆ, ಮಕ್ಕಳು ಏನಾದರೂ ಕೇಳಿದಾಗಲೆಲ್ಲ "ಆ ರಾಮುವನ್ನು ನೋಡು" ಎನ್ನುವುದು. ನಮ್ಮ ಮನೆಯಲ್ಲಿಯೂ ಈ ಮಾತು ನಡೆದಿದೆ, ಮಗಳು ಅದಕ್ಕೆ "ಅವನಿಗೆ ಪುಸ್ತಕವೂ ಕಂಬಳಿಯೂ ಎರಡೂ ಯಾಕೆ ಸಿಗಲಿಲ್ಲ?" ಎಂದು ಕೇಳಿದಾಗ ಅಧಿಕಪ್ರಸಂಗಿ ಎಂದು ಗದರಿಸಿದ್ದೂ ನಿಜ. ಚಿತ್ರದ ನಿಜವಾದ ಪ್ರಶ್ನೆಯನ್ನು ಕಂಡವಳು ಅವಳು. ಚಳಿಗೆ ನಡುಗುವ ಮನೆಯಲ್ಲಿ ಓದಿನ ಆಸೆಯೂ ಬೆಚ್ಚಗಿನ ನಿದ್ದೆಯೂ ಒಂದಕ್ಕೊಂದು ಶತ್ರುಗಳಾಗುತ್ತವೆ; ಅವೆರಡರಲ್ಲಿ ಒಂದನ್ನು ಆರಿಸುವ ಭಾರವನ್ನು ಒಬ್ಬ ಹುಡುಗನ ಮೇಲೆ ಹೊರಿಸಲಾಗಿದೆ. ನಾವು ಆ ಭಾರವನ್ನು ನೋಡದೆ, ಹೊತ್ತವನ ಬೆನ್ನು ತಟ್ಟಿದೆವು.

ಇಲ್ಲಿಯವರೆಗೆ ಹುಡುಗರ ಮಾತೇ ಆಯಿತೆಂಬುದನ್ನು ಓದುಗ ತಾಯಂದಿರು ಗಮನಿಸಿರಬೇಕು. ದೋಷ ನಮ್ಮದೂ ಹೌದು, ನಮ್ಮ ಚಿತ್ರರಂಗದ್ದೂ ಹೌದು. ಹುಡುಗನನ್ನು ಕಳುಹಿಸುತ್ತೇವೆ, ಹುಡುಗಿಯನ್ನು ಒಳಗೆ ಇಟ್ಟುಕೊಳ್ಳುತ್ತೇವೆ. ಕಳುಹಿಸುವುದರಲ್ಲಿ ಒಂದು ಪ್ರಯಾಣವಾದರೂ ಇದೆ, ಕಥೆಗೆ ಆಗುತ್ತದೆ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು 1983ರಲ್ಲಿ ಮಾಡಿದ 'ಫಣಿಯಮ್ಮ' ಒಂದೇ ನಮಗೆ ಥಟ್ಟನೆ ನೆನಪಿಗೆ ಬರುವುದು. ಬಾಲ್ಯದಲ್ಲೇ ವಿಧವೆಯಾದ ಹುಡುಗಿ ಮೈನೆರೆದದ್ದೇ ತಡ, ಅವಳ ಕೂದಲು ಹೋಗುತ್ತದೆ. ಬೇರೆಲ್ಲ ಚಿತ್ರಗಳಲ್ಲಿ ಹದಿಹರೆಯದಲ್ಲಿ ಏನೋ ಒಂದು ನಡೆಯುತ್ತದೆ. ಇಲ್ಲಿ ಹದಿಹರೆಯ ಬಂದದ್ದೇ ಅಪರಾಧ. ಆ ಕಾಲ ಹೋಯಿತು, ಸಂತೋಷ. ಆದರೆ ವೈದ್ಯರು ಹೇಳಿದ ಶೇಕಡಾ 59ರ ಲೆಕ್ಕ ಇಂದಿನದು. ನಮ್ಮ ಹುಡುಗಿಯರು ಬೆಳಗ್ಗೆ ಆರರ ಗಾಡಿಗೆ ಬರಿ ಚಹಾ ಕುಡಿದು ಓಡುತ್ತಾರೆ. ತಿಂಗಳ ಮೂರು ದಿನದ ಸಂಕಟವನ್ನು ಮನೆಯಲ್ಲಿ ಹೇಳದೆ ಕ್ಲಾಸಿನಲ್ಲಿ ಕುಳಿತು ಬರುತ್ತಾರೆ. ಸುಸ್ತೆಂದರೆ "ಮೊಬೈಲು ನೋಡಿದ್ದು ಸಾಕು" ಎನ್ನುತ್ತೇವೆ. ಮೊಬೈಲು ಈಗ ನಮಗೆಲ್ಲ ಬಹಳ ಅನುಕೂಲವಾದ ಸಾಧನವಾಗಿದೆ, ಮಕ್ಕಳಿಗಿಂತ ನಮಗೇ ಹೆಚ್ಚು. ಯಾವ ಕಾಯಿಲೆಗೂ ಅದೊಂದೇ ಕಾರಣ ಸಾಕಾಗುತ್ತದೆ.

2018ರಲ್ಲಿ ಬಂದ ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ನಮ್ಮ ಸಂಘದಲ್ಲಿ ಬಹಳ ಮೆಚ್ಚುಗೆ ಪಡೆಯಿತು. ರಾಷ್ಟ್ರ ಪ್ರಶಸ್ತಿಯೂ ಬಂದಿತು. ತನ್ನ ಭಾಷೆಯಲ್ಲದ ಭಾಷೆಯಲ್ಲಿ ಪಾಠ ಕೇಳಿ ತಲೆ ತಗ್ಗಿಸುವ ಮಗುವಿನ ಪಾಡು ನಮಗೆ ಹೊಸದಲ್ಲವಾದ್ದರಿಂದ ಮೊದಲರ್ಧ ನೋಡುವಾಗ ಎದೆ ತುಂಬಿತು. ಆದರೆ ಎರಡನೆಯ ಅರ್ಧದಲ್ಲಿ ಅನಂತನಾಗ್ ಅವರು ನ್ಯಾಯಾಲಯದಲ್ಲಿ ವಾದ ಮಾಡತೊಡಗಿದೊಡನೆ ಹುಡುಗರು ಹಿಂದಿನ ಬೆಂಚಿಗೆ ಸರಿದುಬಿಡುತ್ತಾರೆ. ಮತ್ತೆ ಒಬ್ಬ ಹಿರಿಯ, ಮತ್ತೆ ಒಂದು ಭಾಷಣ, ಮತ್ತೆ ಚಪ್ಪಾಳೆ. ನಾವೂ ತಟ್ಟಿದೆವು. ಹೆಚ್ಚು ಹೇಳಲಾರೆವು.

ಈ ಹಿನ್ನೆಲೆಯಲ್ಲಿ ಸುಮಂತ್ ಭಟ್ಟರ 'ಮಿಥ್ಯ' ನಮ್ಮನ್ನು ಬೆಚ್ಚಿಬೀಳಿಸಿತು. 2023ರಲ್ಲಿ ಮುಂಬಯಿಯ ಚಿತ್ರೋತ್ಸವದಲ್ಲಿ ಮೊದಲು ತೋರಿಸಲ್ಪಟ್ಟು 2025ರ ಮಾರ್ಚಿನಲ್ಲಿ ಬಿಡುಗಡೆಯಾದ ಈ ಚಿತ್ರದ ನಾಯಕ ಹನ್ನೊಂದು ವರ್ಷದ ಮಿಥುನ್. ವೈದ್ಯರ ಲೆಕ್ಕದಲ್ಲಿ ಹದಿಹರೆಯದ ಹೊಸ್ತಿಲು. ತಂದೆತಾಯಿಯರನ್ನು ಕಳೆದುಕೊಂಡ ಅವನನ್ನು ಮುಂಬಯಿಯಿಂದ ಉಡುಪಿಗೆ, ತಾಯಿಯ ತಂಗಿಯ ಮನೆಗೆ ಕರೆತರುತ್ತಾರೆ. ಅಂದರೆ ಇವನೂ ಊರಿಗೆ ಕಳುಹಿಸಿದ ಹುಡುಗನೇ. ನಮ್ಮವನೇ. ಅವನ ಹೆಸರು 'ಮಿಥ್ಯ' ಆಗಿರುವುದರಲ್ಲಿ ಈ ನಗರದ ಪರಿಮಳವಿದೆ. ಇಲ್ಲಿಯ ಓಣಿಗಳಲ್ಲಿ ಬಾಳಾ ಎಂಬವನು ಬಾಳ್ಯಾ ಆಗುತ್ತಾನೆ, ಪಕ್ಕಾ ಮರಾಠಿ ಸಲುಗೆ. ಆ ಸಲುಗೆಯ ಹೆಸರು ಕರಾವಳಿಗೆ ಬಂದು ಕನ್ನಡದ ಕಿವಿಗೆ ಬಿದ್ದಾಗ 'ಸುಳ್ಳು' ಎಂಬ ಅರ್ಥ ಹೊತ್ತು ನಿಲ್ಲುತ್ತದೆ. ಕಾರ್ಕಳಕ್ಕೆ ಹೋಗಿ 'ಬೊಂಬಾಯಿ' ಆದ ಹುಡುಗನ ನೆನಪಾಗದೆ ಇದ್ದೀತೇ?

ಈ ಚಿತ್ರದಲ್ಲಿ ಚಾಮಯ್ಯ ಮೇಷ್ಟ್ರಿಲ್ಲ. ಹುಡುಗನನ್ನು ತಿದ್ದುವ ಒಂದು ದೊಡ್ಡ ಮಾತೂ ಇಲ್ಲ. ತಂದೆತಾಯಿಯರ ಸಾವಿನ ಸುದ್ದಿ ನಮಗೆ ಒಮ್ಮೆಗೇ ತಿಳಿಯುವುದಿಲ್ಲ. ದೊಡ್ಡವರ ಮಾತುಗಳ ಸಂದಿನಿಂದ, ಪಿಸುಮಾತುಗಳಿಂದ, ತುಣುಕು ತುಣುಕಾಗಿ ಸಿಗುತ್ತದೆ. ಮಕ್ಕಳಿಗೆ ಮನೆಯ ದುಃಖಗಳು ತಿಳಿಯುವುದೂ ಹಾಗೆಯೇ. ನಾವು ಬಾಗಿಲು ಮುಚ್ಚಿ ಮಾತಾಡುತ್ತೇವೆ. ಒಂದೂವರೆ ಕೋಣೆಯ ಮನೆಯಲ್ಲಿ ಮುಚ್ಚಲು ಎಷ್ಟು ಬಾಗಿಲು ಇದ್ದಾವು? ಅತೀಶ್ ಶೆಟ್ಟಿ ಎಂಬ ಬಾಲಕನ ಅಭಿನಯದ ಬಹುಭಾಗ ಸುಮ್ಮನಿರುವುದೇ. ಅಳಬೇಕಾದಲ್ಲಿ ಅಳುವುದಿಲ್ಲ, ಅನಗತ್ಯವಾದಲ್ಲಿ ಸಿಡುಕುತ್ತಾನೆ. ಇದನ್ನೇ ನಾವು 'ಮಾತು ಕೇಳದಿರುವುದು' ಎನ್ನುವುದು. ವೈದ್ಯರಾದರೆ ದುಃಖ ಎನ್ನುತ್ತಾರೆ. ಪ್ರಕಾಶ್ ತೂಮಿನಾಡು ಅವರನ್ನು ಹಾಸ್ಯದ ಪಾತ್ರಗಳಲ್ಲಿಯೇ ನೋಡಿದವರಿಗೆ ಇಲ್ಲಿಯ ಚಿಕ್ಕಪ್ಪ ಸುರೇಂದ್ರ ಬೇರೆಯೇ ಮನುಷ್ಯ. ಅವನು ವಿದ್ವಾಂಸನಲ್ಲ, ಸಿರಿವಂತನೂ ಅಲ್ಲ. ಹುಡುಗನ ಹತ್ತಿರ ಇರುತ್ತಾನೆ, ಅಷ್ಟೇ ಅವನ ಯೋಗ್ಯತೆ. ಅಷ್ಟು ಯೋಗ್ಯತೆ ನಮ್ಮಲ್ಲಿ ಎಷ್ಟು ಜನರಿಗಿದೆ? ಉದಿತ್ ಖುರಾನಾ ಅವರ ಕ್ಯಾಮರಾ ಕೂಡ ಇದೇ ಸ್ವಭಾವದ್ದು.

ಕೊರತೆಗಳಿಲ್ಲವೆಂದಲ್ಲ. ನಡಿಗೆ ಮಂದ, ನಮ್ಮ ಜೊತೆ ನೋಡಿದವರಲ್ಲಿ ಇಬ್ಬರು ಹಿರಿಯರು ನಡುವೆಯೇ ನಿದ್ದೆ ಹೋದರು. ಚಿಕ್ಕಮ್ಮನ ಒಳಗಿನ ದುಃಖಕ್ಕೆ ಇನ್ನೂ ಸ್ವಲ್ಪ ಜಾಗ ಸಿಗಬೇಕಿತ್ತು. ಸತ್ತವಳು ಅವಳ ಸ್ವಂತ ಅಕ್ಕನಲ್ಲವೇ? ಶಾಲೆ, ನೆರೆಹೊರೆಗಳ ಕ್ರೌರ್ಯವನ್ನು ತೋರಿಸುವಾಗಿನ ಸಂಯಮ ಒಮ್ಮೊಮ್ಮೆ ಅತಿಯಾಗಿ, ಹುಡುಗನ ಸಿಟ್ಟು ಎಲ್ಲಿಂದ ಬಂತೆಂದು ಹುಡುಕುವಂತಾಗುತ್ತದೆ. ಆದರೆ 'ನಾಗರಹಾವಿ'ನಿಂದ ಇಲ್ಲಿಗೆ ಐವತ್ತು ವರ್ಷಗಳಲ್ಲಿ ಕನ್ನಡದ ಪರದೆ ಒಂದು ದೂರ ಕ್ರಮಿಸಿದೆ ಎಂಬುದರಲ್ಲಿ ಸಂದೇಹವಿಲ್ಲ. ಹುಡುಗನ ಗುಣ ಎಂಥದು ಎಂದು ಕೇಳುತ್ತಿದ್ದ ಚಿತ್ರ, ಹುಡುಗ ಎಲ್ಲಿ ಮಲಗುತ್ತಾನೆ, ಅವನ ಹೆಸರನ್ನು ಯಾರು ಕರೆಯುತ್ತಾರೆ, ಅವನು ಸುಮ್ಮನಿದ್ದರೆ ಯಾರು ಸಹಿಸುತ್ತಾರೆ ಎಂದು ಕೇಳತೊಡಗಿದೆ.

ಮೊನ್ನೆಯ ಭಾನುವಾರ ನಮ್ಮ ಸಂಘದ ಕೆಲವು ಮನೆಯವರು ಒಟ್ಟಿಗೆ ಕುಳಿತು ಈ ಚಿತ್ರವನ್ನು ನೋಡಿದೆವು. ಡೊಂಬಿವಲಿಯ ಆ ಪರಿಚಿತರೂ ಬಂದಿದ್ದರು, ಈಗ ನಿವೃತ್ತರು. ಚಿತ್ರ ಮುಗಿದ ಮೇಲೆ ಚಪ್ಪಲಿ ಮೆಟ್ಟುತ್ತಾ ನಿಂತವರು ನಮ್ಮ ಕಡೆ ನೋಡದೆ ಹೇಳಿದರು: "ವಾರಕ್ಕೊಂದು ಸಲ ಫೋನು ಮಾಡ್ತಿದ್ದ ಮಾಸ್ಟ್ರೇ. ನಾನು ಪ್ರತಿ ಸಲವೂ ಮಾರ್ಕು ಕೇಳ್ತಿದ್ದೆ." ನಮಗೆ ಏನು ಹೇಳಲೂ ತೋಚಲಿಲ್ಲ.

ಅಂದು ಸೇರಿದ್ದ ಮೂವತ್ತು ಮಂದಿಯಲ್ಲಿ ಹದಿಹರೆಯದವರು ಇಬ್ಬರೇ. ಉಳಿದವರಿಗೆ ಭಾನುವಾರದ ಟ್ಯೂಷನ್ ಇತ್ತಂತೆ. ಆ ಇಬ್ಬರಲ್ಲಿ ಒಬ್ಬಳು ಒಂಬತ್ತನೆಯ ತರಗತಿಯ ಹುಡುಗಿ, ತಟ್ಟೆಗಳನ್ನು ಒಳಗಿಡುತ್ತಾ ಕೇಳಿದಳು, "ಅಂಕಲ್, ಹುಡುಗಿ ಬಗ್ಗೆ ಹಿಂಗೆ ಯಾವುದಾದ್ರೂ ಪಿಕ್ಚರ್ ಇದೆಯಾ?" ನಾವು ವಿಮರ್ಶಕರ ಗತ್ತಿನಲ್ಲಿ 'ಫಣಿಯಮ್ಮ'ದ ಹೆಸರು ಹೇಳಿ, ಕಥೆಯನ್ನೂ ಎರಡು ಮಾತಿನಲ್ಲಿ ತಿಳಿಸಿದೆವು.

"ಅದು ಹಳೇ ಕಾಲದ್ದಲ್ವಾ? ಈಗಿಂದು ಕೇಳಿದ್ದು ನಾನು" ಎಂದಳು. ಒಂದು ತಿಂಗಳಿನಿಂದ ಹುಡುಕುತ್ತಿದ್ದೇವೆ.